ಹಳೇ ಜೀಪಿನ ಕ್ರ್ಯಾಂಕ್ ಪುಲ್ಲಿ ಕೆಟ್ಟರೆ: ಬಿಚ್ಚುವುದು, ರಿಪೇರಿ ಮಾಡಿಸುವುದು, ಮತ್ತೆ ಕೂರಿಸುವುದು

"ಇಂಜಿನ್ ಮುಂದೆ ಟಕ್ ಟಕ್ ಅಂತ ಸದ್ದು. ಕೆಳಗಿನ ಪುಲ್ಲಿ ಓಲಾಡುತ್ತಿದೆ. ಹೊಸದು ಎಲ್ಲೂ ಸಿಗುತ್ತಿಲ್ಲ. ಕ್ರ್ಯಾಂಕಿಗೇ ಸೇರಿಸಿ ವೆಲ್ಡಿಂಗ್ ಹೊಡೆಸಿಬಿಡಲಾ?"

ಹಳೇ ಜೀಪು ಇಟ್ಟುಕೊಂಡವರು ನನ್ನನ್ನು ಅತಿ ಹೆಚ್ಚು ಕೇಳುವ ಪ್ರಶ್ನೆ ಇದು. ಕೊನೆಯ ಮಾತಿಗೆ ಉತ್ತರ ಈಗಲೇ ಹೇಳಿಬಿಡುತ್ತೇನೆ: ಬೇಡ. ಪುಲ್ಲಿಯನ್ನು ಕ್ರ್ಯಾಂಕಿಗೆ ವೆಲ್ಡ್ ಮಾಡಿದರೆ ಮುಂದೆ ಎಣ್ಣೆ ಸೋರದಂತೆ ತಡೆಯುವ ಆಯಿಲ್ ಸೀಲ್ ಬದಲಿಸಲು ಆಗದು, ಟೈಮಿಂಗ್ ಗೇರ್ ಬಿಚ್ಚಲು ಆಗದು. ಒಂದು ದಿನ ಪುಲ್ಲಿ ಕತ್ತರಿಸಲು ಹೋಗಿ ಕ್ರ್ಯಾಂಕನ್ನೇ ಗುಜರಿಗೆ ಹಾಕಬೇಕಾಗುತ್ತದೆ. ಉಳಿದ ಪ್ರಶ್ನೆಗಳಿಗೆ ಸ್ವಲ್ಪ ಉದ್ದದ ಉತ್ತರ ಬೇಕು.

ನಾನು ಇಲ್ಲಿ ಮುಖ್ಯವಾಗಿ ಮನಸ್ಸಿನಲ್ಲಿಟ್ಟುಕೊಂಡಿರುವುದು ನಮ್ಮ ಮಲೆನಾಡು, ಕೊಡಗಿನ ತೋಟಗಳಲ್ಲಿ ಇನ್ನೂ ಓಡುತ್ತಿರುವ ಹಳೇ ಮಹೀಂದ್ರ ಜೀಪುಗಳನ್ನು. ಮಹೀಂದ್ರದವರು 1947ರಿಂದ ಅಮೆರಿಕದ ವಿಲ್ಲಿಸ್ ಕಂಪನಿಯ ಜೀಪುಗಳನ್ನು ಇಲ್ಲಿ ಜೋಡಿಸಲು ಶುರು ಮಾಡಿದರು. ಆ ಸಾಲಿನ 2199 ಸಿಸಿ ಹರಿಕೇನ್ ಪೆಟ್ರೋಲ್ ಇಂಜಿನ್ ಇರಲಿ, ಆಮೇಲೆ ಬಂದ 2112 ಸಿಸಿ ಪ್ಯೂಜೋ ಡೀಸೆಲ್ ಇರಲಿ, 2523 ಸಿಸಿಯ ಟ್ರ್ಯಾಕ್ಟರ್ ಮೂಲದ ಡೀಸೆಲ್ ಇರಲಿ, ಕೆಲಸದ ಕ್ರಮ ಹೆಚ್ಚುಕಮ್ಮಿ ಒಂದೇ. ಅಳತೆಗಳು ಮಾತ್ರ ಬೇರೆ ಬೇರೆ. ಅವನ್ನು ನಿಮ್ಮ ಇಂಜಿನ್ನಿನ ಸರ್ವಿಸ್ ಮ್ಯಾನ್ಯುಯಲ್ ನೋಡಿಯೇ ತೆಗೆದುಕೊಳ್ಳಿ.

ಮೊದಲು ನಾಲ್ಕು ಹೆಸರು ಗೊತ್ತಿರಲಿ. ಕ್ರ್ಯಾಂಕ್ ಶಾಫ್ಟ್ ಅಂದರೆ ಪಿಸ್ಟನ್‌ಗಳ ಮೇಲೆ ಕೆಳಗೆ ಓಟವನ್ನು ತಿರುಗಾಟವಾಗಿ ಬದಲಿಸುವ ದಪ್ಪ ಶಾಫ್ಟ್. ಅದರ ಮುಂದಿನ ತುದಿ ಇಂಜಿನ್ನಿನಿಂದ ಹೊರಗೆ ಬರುತ್ತದೆ. ಇಲ್ಲಿ ಅದನ್ನು ಕ್ರ್ಯಾಂಕ್ ಮೂತಿ ಅನ್ನೋಣ. ಮೂತಿಗೆ ಕೂರುವ ಚಕ್ರವೇ ಪುಲ್ಲಿ. ಅದರ ನಡುವಿನ ದಪ್ಪ ಭಾಗ ಹಬ್. ಬೆಲ್ಟ್ ಮೂಲಕ ಫ್ಯಾನು, ವಾಟರ್ ಪಂಪು, ಡೈನಮೋ ಅಥವಾ ಆಲ್ಟರ್ನೇಟರ್ ತಿರುಗಿಸುವುದು ಈ ಪುಲ್ಲಿಯ ಕೆಲಸ. ಪುಲ್ಲಿ ಮೂತಿಯ ಮೇಲೆ ಜಾರದಂತೆ ಎರಡರ ನಡುವೆ ಕೂರುವ ಸಣ್ಣ ಉಕ್ಕಿನ ತುಂಡು ಕೀ. ಅದು ಕೂರುವ ತೋಡಿಗೆ ಕೀ ವೇ ಎನ್ನುತ್ತಾರೆ. ಕೆಲವು ಇಂಜಿನ್‌ನಲ್ಲಿ ಕೀ ಚೌಕವಾಗಿರುತ್ತದೆ, ಕೆಲವದರಲ್ಲಿ ಅರ್ಧ ಚಂದ್ರನ ಆಕಾರ. ಎಲ್ಲಕ್ಕಿಂತ ಮುಂದೆ ದೊಡ್ಡ ನಟ್. ಹ್ಯಾಂಡಲ್ ಹೊಡೆದು ಸ್ಟಾರ್ಟ್ ಮಾಡುವ ಜೀಪುಗಳಲ್ಲಿ ಈ ನಟ್‌ಗೇ ಹ್ಯಾಂಡಲ್ ಸಿಕ್ಕಿಕೊಳ್ಳುವ ಹಲ್ಲು ಇರುತ್ತದೆ.

ಈಗ ಒಂದು ಮಾತು ಕಿವಿಯಲ್ಲಿಟ್ಟುಕೊಳ್ಳಿ. ಪುಲ್ಲಿಯನ್ನು ಹಿಡಿದಿಡುವುದು ಕೀ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ನಿಜವಾಗಿ ಹಿಡಿದಿಡುವುದು ನಟ್‌ನ ಬಿಗಿ. ಕೀ ಇರುವುದು ಪುಲ್ಲಿ ಸರಿಯಾದ ದಿಕ್ಕಿಗೆ ಕೂರಲಿ ಅಂತ. ನಟ್ ಸಡಿಲವಾದ ದಿನದಿಂದ ಪ್ರತಿ ಸಿಲಿಂಡರಿನ ಪೆಟ್ಟೂ ಕೀ ಮೇಲೆ ಬೀಳುತ್ತದೆ. ಕೀ ಸವೆಯುತ್ತದೆ, ಕೀ ವೇ ಅಗಲವಾಗುತ್ತದೆ, ಹಬ್‌ನ ತೂತು ಮೊಟ್ಟೆಯಾಕಾರಕ್ಕೆ ಬರುತ್ತದೆ. ನನ್ನ ಕೈಗೆ ಬಂದ ಕೆಟ್ಟ ಪುಲ್ಲಿಗಳಲ್ಲಿ ಹೆಚ್ಚಿನವು ಕೆಟ್ಟಿದ್ದು ಹೀಗೇ. ಪುಲ್ಲಿ ಮಾತ್ರ ಸರಿಮಾಡಿ ನಟ್ ಕಡೆ ನೋಡದಿದ್ದರೆ ಆರು ತಿಂಗಳಿಗೆ ಮತ್ತೆ ಅದೇ ಕಥೆ.

ಬೇಕಾಗುವ ಸಾಮಾನು

ನಟ್‌ಗೆ ಸರಿಯಾಗಿ ಕೂರುವ ದಪ್ಪ ಸಾಕೆಟ್ ಅಥವಾ ಬಾಕ್ಸ್ ಸ್ಪ್ಯಾನರ್, ಅದಕ್ಕೆ ಉದ್ದ ಹಿಡಿ. ಬೋಲ್ಟ್ ಹಾಕಿ ಎಳೆಯುವ ಪ್ಲೇಟ್ ಪುಲ್ಲರ್. ವರ್ನಿಯರ್ ಕ್ಯಾಲಿಪರ್. ಟಾರ್ಕ್ ರೆಂಚ್, ಅಂದರೆ ಎಷ್ಟು ಬಿಗಿಯಾಯಿತು ಎಂದು ಅಳತೆ ತೋರಿಸುವ ಸ್ಪ್ಯಾನರ್. ಇದನ್ನು ಒಂದು ದಿನಕ್ಕೆ ಯಾರಿಂದಾದರೂ ಕೇಳಿ ತನ್ನಿ, ಅಂದಾಜಿನಲ್ಲಿ ಬಿಗಿಯಬೇಡಿ. ಹೊಸ ಆಯಿಲ್ ಸೀಲ್, ಹೊಸ ಕೀ, ಹೊಸ ಲಾಕ್ ವಾಷರ್, ಹೊಸ ಬೆಲ್ಟ್. ಎಮರಿ ಪೇಪರ್, ಸಣ್ಣ ಅರ, ತುಕ್ಕು ಬಿಡಿಸುವ ಎಣ್ಣೆ, ತೊಳೆಯಲು ಡೀಸೆಲ್, ಬಿಳಿ ಪೇಂಟ್. ಸಹಾಯಕ್ಕೆ ಒಬ್ಬರು ಬೇಕೇ ಬೇಕು.

ಲೋಹ ಕಡೆದುಕೊಡುವ ಲೇತ್ ಅಂಗಡಿಯವರ ಹತ್ತಿರ ಮೊದಲೇ ಮಾತಾಡಿಡಿ. ಕೀ ವೇ ಕತ್ತರಿಸಲು ಅವರ ಬಳಿ ಸ್ಲಾಟಿಂಗ್ ಮೆಷಿನ್ ಇದೆಯಾ ಎಂದು ಕೇಳಿ. ತೂತಿನೊಳಗೆ ಉದ್ದಕ್ಕೆ ತೋಡು ಕೊರೆಯುವ ಯಂತ್ರ ಅದು. ಎಲ್ಲಾ ಅಂಗಡಿಯಲ್ಲೂ ಇರುವುದಿಲ್ಲ.

ಹಂತ 1: ರೋಗ ಪುಲ್ಲಿಯದೇನಾ ನೋಡಿ

ಸಡಿಲ ಪುಲ್ಲಿಯ ಸದ್ದು ಕೇಳಿ "ಬಿಗ್ ಎಂಡ್ ಬೇರಿಂಗ್ ಹೋಗಿದೆ, ಇಂಜಿನ್ ಇಳಿಸಬೇಕು" ಎಂದು ಹೇಳಿದ ಗ್ಯಾರೇಜುಗಳು ಇವೆ. ಹಾಗಾಗಿ ಖರ್ಚಿಗೆ ಮೊದಲು ಮೂರು ಪರೀಕ್ಷೆ ಮಾಡಿ.

ಇಂಜಿನ್ ಆಫ್ ಮಾಡಿ, ಬೆಲ್ಟ್ ತೆಗೆದು, ಪುಲ್ಲಿಯನ್ನು ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಿ. ಕ್ರ್ಯಾಂಕ್ ತಿರುಗದೆ ಪುಲ್ಲಿ ಮಾತ್ರ ಚೂರು ಚೂರು ಆಡಿದರೆ ಅಲ್ಲಿಗೆ ಅರ್ಧ ಉತ್ತರ ಸಿಕ್ಕಿತು. 35 ಮಿ.ಮೀ. ಮೂತಿಯಲ್ಲಿ ಕೀಗೆ ಅರ್ಧ ಮಿ.ಮೀ. ಆಟ ಇದ್ದರೆ, 150 ಮಿ.ಮೀ. ಅಗಲದ ಪುಲ್ಲಿಯ ಅಂಚಿನಲ್ಲಿ ಅದು ಸುಮಾರು 2 ಮಿ.ಮೀ. ಆಗಿ ಕಾಣುತ್ತದೆ. ಕಣ್ಣಿಗೆ ಗೊತ್ತಾಗುವಷ್ಟು.

ಎರಡನೆಯದು, ನಟ್ ಮತ್ತು ಹಬ್ ಸೇರುವ ಜಾಗಕ್ಕೆ ಟಾರ್ಚ್ ಹಾಕಿ ನೋಡಿ. ಅಲ್ಲಿ ಕಂದು ಮಿಶ್ರಿತ ಕೆಂಪು ಪುಡಿ, ಹಳೇ ಕುಂಕುಮದಂಥದ್ದು, ಕೂತಿದ್ದರೆ ಎರಡು ಲೋಹಗಳು ಒಂದಕ್ಕೊಂದು ಉಜ್ಜಿಕೊಳ್ಳುತ್ತಿವೆ ಎಂದರ್ಥ. ಮಳೆಯ ತುಕ್ಕು ಮೇಲೆಲ್ಲಾ ಹರಡಿರುತ್ತದೆ. ಈ ಪುಡಿ ಸಂದಿನಿಂದ ಗೆರೆಯ ಹಾಗೆ ಹೊರಗೆ ಚೆಲ್ಲಿರುತ್ತದೆ. ಎಣ್ಣೆ ಜಿನುಗು ಇದ್ದರೆ ಅದೇ ಪುಡಿ ಕೆಂಪು ಕೆಸರಾಗಿರುತ್ತದೆ.

ಮೂರನೆಯದು, ಬೆಲ್ಟ್ ಇಲ್ಲದೆಯೇ ಅರ್ಧ ನಿಮಿಷ ಸ್ಟಾರ್ಟ್ ಮಾಡಿ ಕೇಳಿ. ಸದ್ದು ನಿಂತರೆ ಅಥವಾ ರಾಗ ಬದಲಿಸಿದರೆ ತೊಂದರೆ ಮುಂದುಗಡೆಯೇ ಇದೆ. ಅರ್ಧ ನಿಮಿಷ ಅಂದರೆ ಅರ್ಧ ನಿಮಿಷವೇ. ವಾಟರ್ ಪಂಪ್ ತಿರುಗುತ್ತಿರುವುದಿಲ್ಲ.

ಪುಲ್ಲಿ ಗಟ್ಟಿಯಾಗಿದ್ದು ಓಟದಲ್ಲಿ ಮಾತ್ರ ಓಲಾಡಿದರೆ ಅದು ಬಗ್ಗಿದೆ ಅಥವಾ ವಕ್ರವಾಗಿ ಕೂತಿದೆ. ಇಂಜಿನ್‌ಗೆ ಒಂದು ಗಟ್ಟಿ ತಂತಿ ಕಟ್ಟಿ, ಅದರ ತುದಿ ಪುಲ್ಲಿ ಅಂಚಿಗೆ ಕೂದಲೆಳೆ ದೂರದಲ್ಲಿರುವಂತೆ ಬಗ್ಗಿಸಿ. ಕೈಯಲ್ಲಿ ಇಂಜಿನ್ ತಿರುಗಿಸುತ್ತಾ ಸಂದು ನೋಡಿ. ಅರ್ಧ ಮಿ.ಮೀ. ಒಳಗಿನ ಓಲಾಟಕ್ಕೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. ಅದಕ್ಕಿಂತ ಜಾಸ್ತಿ ಇದ್ದರೆ ಬಿಚ್ಚಿ.

ಹಂತ 2: ಜಾಗ ಮಾಡಿಕೊಳ್ಳಿ

ಗಾಡಿಯನ್ನು ಸಮ ನೆಲದಲ್ಲಿ ನಿಲ್ಲಿಸಿ, ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಕೊಡಿ. ಬ್ಯಾಟರಿ ವೈರ್ ಬಿಚ್ಚಿ. ಇಂಜಿನ್ ತಣ್ಣಗಾದ ಮೇಲೆ ರೇಡಿಯೇಟರ್ ನೀರು ಇಳಿಸಿ, ಹೋಸ್‌ಗಳನ್ನು ಕಳಚಿ, ರೇಡಿಯೇಟರ್ ಹೊರಗೆ ತೆಗೆಯಿರಿ. "ಸ್ವಲ್ಪ ಜಾಗ ಇದೆಯಲ್ಲ, ತೆಗೆಯದೇ ಮಾಡೋಣ" ಅನ್ನಿಸುತ್ತದೆ. ಬೇಡ. ಸ್ಪ್ಯಾನರ್ ಒಮ್ಮೆ ಜಾರಿದರೆ ರೇಡಿಯೇಟರಿಗೆ ತೂತು, ನಿಮ್ಮ ಗೆಣ್ಣಿನ ಚರ್ಮವೂ ಹೋಗುತ್ತದೆ.

ಹಂತ 3: ನಟ್ ಬಿಚ್ಚುವುದು

ಹಿಂದಿನ ರಾತ್ರಿಯೇ ಥ್ರೆಡ್ ಮೇಲೆ ತುಕ್ಕು ಬಿಡಿಸುವ ಎಣ್ಣೆ ಹಾಕಿಡಿ. ಲಾಕ್ ವಾಷರಿನ ಕಿವಿ ಮಡಿಚಿದ್ದರೆ ಉಳಿಯಿಂದ ನೆಟ್ಟಗೆ ಮಾಡಿ.

ಇಂಜಿನ್ ತಿರುಗದಂತೆ ಹಿಡಿಯಬೇಕು. ಟಾಪ್ ಗೇರಿಗೆ ಹಾಕಿ, ಸಹಾಯಕರು ಕಾಲಿನ ಬ್ರೇಕ್ ಒತ್ತಿ ಹಿಡಿಯಲಿ, ಹ್ಯಾಂಡ್ ಬ್ರೇಕನ್ನೂ ಎಳೆಯಲಿ. ಈ ಹಳೇ ಜೀಪುಗಳಲ್ಲಿ ಹ್ಯಾಂಡ್ ಬ್ರೇಕ್ ಕೆಲಸ ಮಾಡುವುದು ಚಕ್ರದ ಮೇಲಲ್ಲ, ಟ್ರಾನ್ಸ್‌ಫರ್ ಕೇಸ್ ಹಿಂದಿನ ಡ್ರಮ್ ಮೇಲೆ. ಟ್ರಾನ್ಸ್‌ಫರ್ ಕೇಸ್ ಅಂದರೆ ಇಂಜಿನ್ನಿನ ಬಲವನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ ಗೇರ್ ಪೆಟ್ಟಿಗೆ. ಈ ಬ್ರೇಕ್ ಚೆನ್ನಾಗಿದ್ದರೆ ನಿಮಗೆ ಅರ್ಧ ಕೆಲಸ ಹಗುರ. ಆದರೂ ಇಂಜಿನ್ ತಿರುಗಿದರೆ ಸ್ಟಾರ್ಟರ್ ಮೋಟರ್ ಬಿಚ್ಚಿ, ಆ ಕಿಂಡಿಯಿಂದ ಫ್ಲೈವೀಲ್ (ಕ್ರ್ಯಾಂಕಿನ ಹಿಂದಿನ ತುದಿಯ ಭಾರದ ಚಕ್ರ) ಹಲ್ಲಿಗೆ ದಪ್ಪ ಪಟ್ಟಿ ಕೊಟ್ಟು ತಡೆಯಿರಿ.

ನಟ್ ಸಾಮಾನ್ಯವಾಗಿ ಬಲ ಥ್ರೆಡ್. ಎದುರು ನಿಂತು ಗಡಿಯಾರದ ಮುಳ್ಳಿನ ವಿರುದ್ಧ ತಿರುಗಿಸಿದರೆ ಸಡಿಲವಾಗುತ್ತದೆ. ನಟ್ ಸಡಿಲವಾಗಿ ಬಂದರೂ ಖುಷಿಪಡಬೇಡಿ. ಅದೇ ರೋಗದ ಗುರುತು.

ಸ್ಪ್ಯಾನರನ್ನು ಚಾಸಿಗೆ ಆನಿಸಿ ಸ್ಟಾರ್ಟರ್ ಹೊಡೆದು ನಟ್ ಬಿಡಿಸುವ ಚಾಳಿ ಕೆಲವರಿಗಿದೆ. ಸ್ಪ್ಯಾನರ್ ಹಾರಿದರೆ ಮುಂದಿರುವವನ ಕಾಲು ಉಳಿಯುವುದಿಲ್ಲ. ಸ್ಟಾರ್ಟ್ ಆಗಿಬಿಟ್ಟರೆ ಇನ್ನೂ ಕೆಟ್ಟದ್ದು. ಹಾಗೆಯೇ ಉಳಿ ಇಟ್ಟು ಸುತ್ತಿಗೆಯಿಂದ ನಟ್ ತಿರುಗಿಸುವುದೂ ಬೇಡ. ಹ್ಯಾಂಡಲ್ ಹಲ್ಲು ಹಾಳಾಗುತ್ತದೆ. ಆಮೇಲೆ ಹ್ಯಾಂಡಲ್ ಹೊಡೆಯುವಾಗ ಅದು ನಡುವೆ ಜಾರಿ ಮುಖಕ್ಕೋ ಮಣಿಕಟ್ಟಿಗೋ ಹೊಡೆಯುತ್ತದೆ.

ಹಂತ 4: ಪುಲ್ಲಿ ಎಳೆಯುವುದು

ಹೆಚ್ಚಿನ ಪುಲ್ಲಿಗಳು ಒಡೆಯುವುದು ಓಟದಲ್ಲಲ್ಲ, ಈ ಹಂತದಲ್ಲಿ.

ಹಳೇ ಪುಲ್ಲಿಗಳಲ್ಲಿ ಬಹಳಷ್ಟು ಬೀಡು ಕಬ್ಬಿಣದವು. ಬೀಡು ಒತ್ತಿದರೆ ತಡೆಯುತ್ತದೆ, ಎಳೆದು ಬಗ್ಗಿಸಿದರೆ ಬಗ್ಗುವುದಿಲ್ಲ, ನೇರವಾಗಿ ಮುರಿಯುತ್ತದೆ. ಮೂರು ಕಾಲಿನ ಪುಲ್ಲರನ್ನು ಹೊರ ಅಂಚಿಗೆ ಸಿಕ್ಕಿಸಿ ಬಿಗಿದರೆ ಅಂಚು ಬಿಸ್ಕತ್ತಿನ ಹಾಗೆ ಮುರಿದು ಬರುತ್ತದೆ. ನಾನೂ ಒಮ್ಮೆ ಮುರಿದಿದ್ದೇನೆ. ಹಾರೆ ಹಾಕಿ ಮೀಟಿದರೂ ಅದೇ ಗತಿ, ಜೊತೆಗೆ ಟೈಮಿಂಗ್ ಕವರ್ ಬಗ್ಗುವುದು ಬೋನಸ್ಸು.

ಸರಿಯಾದ ದಾರಿ ಹೀಗೆ. ಹಬ್‌ನ ಮುಖದಲ್ಲಿ ಥ್ರೆಡ್ ಇರುವ ಎರಡು ತೂತು ಇದೆಯಾ ನೋಡಿ. ಮಣ್ಣು, ಗ್ರೀಸ್ ತುಂಬಿ ಮುಚ್ಚಿಹೋಗಿರಬಹುದು, ಮೊಳೆಯಿಂದ ಕೆದಕಿ. ಇದ್ದರೆ ಪ್ಲೇಟ್ ಪುಲ್ಲರಿನ ಬೋಲ್ಟ್‌ಗಳನ್ನು ಅಲ್ಲಿ ಹಾಕಿ. ಇಲ್ಲದಿದ್ದರೆ ಕಾಲುಗಳನ್ನು ಅಂಚಿಗಲ್ಲ, ಹಬ್‌ನ ಹಿಂದಕ್ಕೆ ಸಿಕ್ಕಿಸಿ.

ಎಳೆಯುವ ಮೊದಲು ನಟ್ಟನ್ನು ಮತ್ತೆ ಮೂರ್ನಾಲ್ಕು ಸುತ್ತು ಹಾಕಿಡಿ. ಹಬ್‌ಗೂ ನಟ್‌ಗೂ ನಡುವೆ ಬೆರಳಷ್ಟು ಸಂದು ಸಾಕು. ಮೂತಿಯ ಥ್ರೆಡ್ ಚಪ್ಪಟೆಯಾಗುವುದಿಲ್ಲ, ಪುಲ್ಲಿ ತಟ್ಟನೆ ಬಿಟ್ಟರೂ ಕಾಲ ಮೇಲೆ ಬೀಳುವುದಿಲ್ಲ.

ಪುಲ್ಲರನ್ನು ಬಿಗಿದು ಸ್ವಲ್ಪ ಹೊತ್ತು ಹಾಗೇ ಬಿಡಿ, ಅವಸರ ಬೇಡ. ಬಿಗಿ ಹಿಡಿದಿರುವಾಗಲೇ ಪುಲ್ಲರಿನ ನಡುಬೋಲ್ಟ್ ತಲೆಗೆ ಸುತ್ತಿಗೆಯಿಂದ ಸಣ್ಣ ಪೆಟ್ಟು. ಬರದಿದ್ದರೆ ಇನ್ನರ್ಧ ಸುತ್ತು. ಹಬ್‌ಗೆ ಗ್ಯಾಸ್ ಬೆಂಕಿ ತೋರಿಸುವುದು ಕೊನೆಯ ದಾರಿ. ತೋರಿಸಿದರೆ ಹಿಂದಿನ ರಬ್ಬರ್ ಸೀಲ್ ಹೋಯಿತು ಅಂತಲೇ ಲೆಕ್ಕ, ಹೇಗಿದ್ದರೂ ಹೊಸದು ಹಾಕುತ್ತೀರಲ್ಲ. ಪೆಟ್ರೋಲ್ ಗಾಡಿಯಾದರೆ ಬೆಂಕಿಗೆ ಮೊದಲು ಪೈಪಿನಲ್ಲಿ ಎಲ್ಲೂ ಜಿನುಗು ಇಲ್ಲವೆಂದು ನೋಡಿಕೊಳ್ಳಿ.

ಪುಲ್ಲಿ ಬಂದ ಮೇಲೆ ಅದರ ಹಿಂದಿರುವ ವಾಷರ್, ಸ್ಪೇಸರ್ ಯಾವುದು ಯಾವ ಮುಖವಾಗಿತ್ತು ಎಂದು ಮೊಬೈಲ್‌ನಲ್ಲಿ ಫೋಟೋ ತೆಗೆದಿಡಿ.

ಹಂತ 5: ತೊಳೆದು, ಅಳೆದು, ತೀರ್ಮಾನಿಸಿ

ಡೀಸೆಲ್‌ನಲ್ಲಿ ತೊಳೆದು ಒರೆಸಿ. ಮೊದಲು ನೋಡಬೇಕಾದ್ದು ಪುಲ್ಲಿಯನ್ನಲ್ಲ, ಕ್ರ್ಯಾಂಕ್ ಮೂತಿಯನ್ನು. ಮೂತಿ ಕೆಟ್ಟಿದ್ದರೆ ಎಷ್ಟು ಒಳ್ಳೆ ಪುಲ್ಲಿ ತಂದರೂ ನಿಲ್ಲುವುದಿಲ್ಲ. ವರ್ನಿಯರಿನಲ್ಲಿ ಮೂತಿಯನ್ನು ಮೂರು ಕಡೆ, ಪ್ರತಿ ಕಡೆ ಅಡ್ಡಕ್ಕೂ ಉದ್ದಕ್ಕೂ ಅಳೆಯಿರಿ. ಸೀಲ್ ಹಿಂದೆ ಪುಲ್ಲಿ ಮುಟ್ಟದ ಜಾಗ ಸಿಕ್ಕರೆ ಅದನ್ನೂ ಅಳೆಯಿರಿ. ವ್ಯತ್ಯಾಸವೇ ಸವೆತ. ಕೀ ವೇಯ ಗೋಡೆಗಳು ನೆಟ್ಟಗಿವೆಯಾ, ಮೂಲೆಯಿಂದ ಬಿರುಕು ಹೊರಟಿದೆಯಾ ನೋಡಿ. ಬಿರುಕಿದ್ದರೆ ಇಲ್ಲಿಗೇ ನಿಲ್ಲಿಸಿ, ಕ್ರ್ಯಾಂಕ್ ಇಳಿಸಿ ಪರೀಕ್ಷೆ ಮಾಡಿಸಬೇಕು.

ಮೂತಿ ಚೆನ್ನಾಗಿದ್ದರೆ ಪುಲ್ಲಿ ಕಡೆ ಬನ್ನಿ.

ಅದು ಬೀಡೋ ಉಕ್ಕೋ ತಿಳಿಯಲು ಹಬ್‌ನ ಮೂಲೆಗೆ ಅರ ಹಾಕಿ. ಬೀಡಾದರೆ ಕಪ್ಪು ಬೂದು ಪುಡಿ ಉದುರಿ ಬೆರಳಿಗೆ ಪೆನ್ಸಿಲ್ ಸೀಸದಂತೆ ಮೆತ್ತುತ್ತದೆ. ಉಕ್ಕಾದರೆ ಹೊಳೆಯುವ ಸಣ್ಣ ಎಳೆ. ಗ್ರೈಂಡರಿಗೆ ತಾಗಿಸಿದರೆ ಬೀಡಿನ ಕಿಡಿ ಗಿಡ್ಡ, ಕೆಂಪು. ಉಕ್ಕಿನದು ಉದ್ದ, ಹಳದಿ ಬಿಳಿ. ಇದನ್ನು ತಿಳಿಯದೆ ವೆಲ್ಡಿಂಗ್ ಅಂಗಡಿಗೆ ಹೋಗಬೇಡಿ.

ಇನ್ನು ಕೇಡು ಯಾವುದು ಎಂಬುದರ ಮೇಲೆ ದಾರಿ.

ಬೆಲ್ಟ್ ಕೂರುವ ತೋಡಿನ ತಳ ಕನ್ನಡಿಯಂತೆ ಹೊಳೆಯುತ್ತಿದ್ದರೆ ಬೆಲ್ಟ್ ತಳ ಮುಟ್ಟುತ್ತಿದೆ. ವಿ ಬೆಲ್ಟ್ ಎಳೆಯಬೇಕಾದ್ದು ಎರಡು ಪಕ್ಕದ ಗೋಡೆಗಳಿಂದ. ಮೊದಲು ಹೊಸ ಬೆಲ್ಟ್ ಇಟ್ಟು ನೋಡಿ. ಹಳೇ ಬೆಲ್ಟೇ ಸವೆದು ಕೆಳಗೆ ಕೂತಿರಬಹುದು. ಹೊಸದರ ಬೆನ್ನು ಅಂಚಿನ ಮಟ್ಟಕ್ಕೆ ಬಂದರೆ ಪುಲ್ಲಿಗೆ ಏನೂ ಆಗಿಲ್ಲ. ಬರದಿದ್ದರೆ ಲೇತ್‌ನಲ್ಲಿ ಗೋಡೆ ನೇರ ಮಾಡಿಸಿ, ತಳವನ್ನು ಸ್ವಲ್ಪ ಆಳ ಮಾಡಿಸಬಹುದು. ತಳದ ಲೋಹ ತೆಳ್ಳಗಾಗುತ್ತಿದ್ದರೆ ಆ ಪುಲ್ಲಿಯ ಆಸೆ ಬಿಡಿ.

ಅಂಚು ಚೂರು ಹಾರಿದ್ದರೆ, ಉಗುರಿನಷ್ಟಾದರೆ, ಚೂಪನ್ನು ಅರದಿಂದ ತೆಗೆದು ಸುಮ್ನೆ ಓಡಿಸಿ. ಅದಕ್ಕಿಂತ ದೊಡ್ಡದಾದರೆ ಬೀಡಿಗೆ ಸಾಮಾನ್ಯ ವೆಲ್ಡಿಂಗ್ ರಾಡ್ ಬೇಡ. ಹೊಲಿಗೆಯ ಪಕ್ಕದಲ್ಲೇ ಹೊಸ ಬಿರುಕು ಬರುತ್ತದೆ. ಗ್ಯಾಸ್‌ನಲ್ಲಿ ಹಿತ್ತಾಳೆ ಹಾಕಿ ಕಟ್ಟುವುದು ಒಳ್ಳೆಯದು. ಪುಲ್ಲಿಯನ್ನು ಪೂರ್ತಿ ಬಿಸಿ ಮಾಡಿಕೊಂಡು ಹಾಕಿ, ಆಮೇಲೆ ಒಣ ಬೂದಿಯಲ್ಲೋ ಮರಳಲ್ಲೋ ಹೂತು ರಾತ್ರಿಯೆಲ್ಲಾ ತಣಿಯಲು ಬಿಡಬೇಕು. ನೀರು ಚಿಮುಕಿಸಿದರೆ ಮುಗಿಯಿತು. ಬಿರುಕು ಅಂಚಿನಿಂದ ಹಬ್ ಕಡೆಗೆ ಓಡಿದ್ದರೆ ಯಾವ ರಿಪೇರಿಯೂ ಬೇಡ. ತಿರುಗುವಾಗ ಒಡೆದ ಪುಲ್ಲಿಯ ತುಂಡು ಬಾನೆಟ್ ಸೀಳಿಕೊಂಡು ಬರಬಲ್ಲದು.

ಹಬ್ ಮೇಲೆ ಸೀಲ್ ಉಜ್ಜಿ ಉಂಗುರದಂಥ ಗೆರೆ ಬಿದ್ದಿದ್ದರೆ ಉಗುರು ಎಳೆದು ನೋಡಿ. ಉಗುರು ತಡೆದರೆ ಹೊಸ ಸೀಲ್ ಹಾಕಿದರೂ ಎಣ್ಣೆ ಸೋರುತ್ತದೆ. ತೆಳು ಉಕ್ಕಿನ ರಿಪೇರಿ ಸ್ಲೀವ್ ಸಿಗುತ್ತದೆ, ಗೆರೆಯ ಮೇಲೆ ಟೋಪಿಯಂತೆ ಕೂರಿಸುವುದು. ಅಳತೆ ಸಿಗದಿದ್ದರೆ ಲೇತ್‌ನಲ್ಲಿ ತುಸು ಕಡೆಸಿ ಬಳೆ ಹಾಕಿಸಿ. ಕೆಲವು ಇಂಜಿನ್‌ನಲ್ಲಿ ಸೀಲ್ ಉಜ್ಜುವುದು ಹಬ್ ಮೇಲಲ್ಲ, ಪ್ರತ್ಯೇಕ ಸ್ಪೇಸರ್ ಮೇಲೆ. ಆಗ ಸ್ಪೇಸರ್ ಬದಲಿಸಿದರೆ ಸಾಕು.

ಹಬ್‌ಗೂ ಹೊರ ಬಳೆಗೂ ನಡುವೆ ರಬ್ಬರ್ ಇರುವ ಪುಲ್ಲಿಯಾದರೆ ಅದು ಬರೀ ಪುಲ್ಲಿಯಲ್ಲ, ಡ್ಯಾಂಪರ್. ಕ್ರ್ಯಾಂಕಿನ ನಡುಕ ತಿನ್ನುವ ಭಾಗ. ರಬ್ಬರ್ ಬಿಟ್ಟಿದೆಯಾ ತಿಳಿಯಲು ಹಬ್‌ನಿಂದ ಹೊರ ಬಳೆಯವರೆಗೆ ಬಿಳಿ ಪೇಂಟ್ ಗೆರೆ ಎಳೆದು ಒಂದು ದಿನ ಓಡಿಸಬೇಕು. ಗೆರೆ ತುಂಡಾಗಿ ಪಕ್ಕಕ್ಕೆ ಸರಿದಿದ್ದರೆ ರಬ್ಬರ್ ಹೋಗಿದೆ. ಅದನ್ನು ಸ್ಕ್ರೂ ಹಾಕಿ, ವೆಲ್ಡ್ ಮಾಡಿ ಕಟ್ಟಿದರೆ ನಡುಕವೆಲ್ಲಾ ಕ್ರ್ಯಾಂಕಿಗೇ. ಬದಲಿಸುವುದೊಂದೇ ದಾರಿ.

ಕೊನೆಯದು, ಅತಿ ಹೆಚ್ಚು ಬರುವುದು: ಹಬ್‌ನ ತೂತು ಮತ್ತು ಕೀ ವೇ ಸವೆದಿರುವುದು.

ಹಂತ 6: ತೂತು ಮತ್ತು ಕೀ ವೇ ರಿಪೇರಿ

ತೂತು ದುಂಡಗಿದ್ದು ಕೀ ವೇ ಮಾತ್ರ ಅಗಲವಾಗಿದ್ದರೆ ಸುಲಭ. ಅಗಲವಾದ ತೋಡನ್ನು ಎರಡೂ ಕಡೆ ಸಮವಾಗಿ ಕತ್ತರಿಸಿ, ಅದಕ್ಕೆ ಮೆಟ್ಟಿಲು ಕೀ ಮಾಡಿಸಿ. ಅಂದರೆ ಕ್ರ್ಯಾಂಕಿನಲ್ಲಿ ಕೂರುವ ಭಾಗ ಮೂಲ ಅಗಲ, ಪುಲ್ಲಿಯಲ್ಲಿ ಕೂರುವ ಭಾಗ ಹೊಸ ಅಗಲ. ಬ್ಲೇಡು, ಡಬ್ಬದ ತಗಡು ಮಡಿಚಿ ಸಂದಿಗೆ ತುರುಕುವವರಿದ್ದಾರೆ. ಒಂದು ವಾರಕ್ಕೆ ಅದು ಪುಡಿಯಾಗಿ ಹೊರಗೆ ಬಂದಿರುತ್ತದೆ.

ತೂತೇ ಮೊಟ್ಟೆಯಾಗಿದ್ದರೆ ಬುಷ್ ಹಾಕಬೇಕು. ಹಳೇ ತೂತನ್ನು ದೊಡ್ಡದಾಗಿ ಕಡೆದು, ಉಕ್ಕಿನ ಬಳೆ ಒತ್ತಿ ಕೂರಿಸಿ, ಬಳೆಯೊಳಗೆ ಮೂತಿಯ ಅಳತೆಗೆ ಹೊಸ ತೂತು, ಹೊಸ ಕೀ ವೇ. ಲೇತ್ ಅಂಗಡಿಗೆ ಪುಲ್ಲಿ ಕೊಟ್ಟು "ಬುಷ್ ಹಾಕಿ" ಅಂದರೆ ಸಾಲದು. ಈ ಐದು ಮಾತು ಹೇಳಿ, ಸಾಧ್ಯವಾದರೆ ಚೀಟಿಯಲ್ಲಿ ಬರೆದುಕೊಡಿ.

ಒಂದು, ಕಡೆಯುವ ಮೊದಲೇ ಹಳೇ ಕೀ ವೇಯ ನಡುವಿನಿಂದ ಅಂಚಿನವರೆಗೆ ಪುಲ್ಲಿಯ ಮುಖದ ಮೇಲೆ ಗೆರೆ ಕೊರೆಯಿರಿ. ಪುಲ್ಲಿಯಲ್ಲಿ ಟೈಮಿಂಗ್ ಗುರುತು, ಅಂದರೆ ಸಿಲಿಂಡರಿನಲ್ಲಿ ಇಂಧನ ಹೊತ್ತಿಕೊಳ್ಳುವ ಕ್ಷಣ ಹೊಂದಿಸಲು ನೋಡುವ ಗೆರೆ, ಇದ್ದರೆ ಹೊಸ ಕೀ ವೇ ಅದೇ ಗೆರೆಗೆ ಬರಲೇಬೇಕು. 150 ಮಿ.ಮೀ. ಪುಲ್ಲಿಯ ಅಂಚಿನಲ್ಲಿ 1.3 ಮಿ.ಮೀ. ಸರಿದರೆ ಒಂದು ಡಿಗ್ರಿ ತಪ್ಪಿದಂತೆ. "ಈ ಕಡೆ ಲೋಹ ಸವೆದಿದೆ, ಎದುರು ಕಡೆ ಕತ್ತರಿಸಿದೆ ಸಾರ್" ಎಂದು ಟರ್ನರ್, ಅಂದರೆ ಲೇತ್ ಕೆಲಸದವನು, ಒಳ್ಳೆ ಮನಸ್ಸಿನಿಂದಲೇ ಮಾಡಿರುತ್ತಾನೆ. ನಿಮ್ಮ ಗುರುತು ಅರ್ಧ ಸುತ್ತು ಆಚೆ ಹೋಗಿರುತ್ತದೆ. ಕೆಲವು ಹಳೇ ವಿಲ್ಲಿಸ್ ಪೆಟ್ರೋಲ್ ಇಂಜಿನ್‌ಗಳಲ್ಲಿ ಗುರುತು ಫ್ಲೈವೀಲ್ ಮೇಲಿರುವುದರಿಂದ ಅವನ್ನು ಇಟ್ಟುಕೊಂಡವರಿಗೆ ಈ ಭಯ ಕಮ್ಮಿ.

ಎರಡು, ಪುಲ್ಲಿಯನ್ನು ಲೇತ್ ಯಂತ್ರದ ಹಿಡಿಯಾದ ಚಕ್‌ನಲ್ಲಿ ಕಟ್ಟುವಾಗ ಬೆಲ್ಟಿನ ತೋಡನ್ನು ನೋಡಿ ಸೆಂಟರ್ ಮಾಡಬೇಕು, ಸವೆದ ತೂತನ್ನು ನೋಡಿ ಅಲ್ಲ. ಇಲ್ಲವಾದರೆ ಹೊಸ ತೂತೂ ವಕ್ರ.

ಮೂರು, ಬುಷ್‌ನ ಗೋಡೆ ಕೀ ವೇ ಕತ್ತರಿಸಿದ ಮೇಲೂ ಉಳಿಯುವಷ್ಟು ದಪ್ಪ ಇರಲಿ. ನಾನು 6 ಮಿ.ಮೀ.ಗಿಂತ ಕಮ್ಮಿ ಒಪ್ಪುವುದಿಲ್ಲ. ಹಬ್‌ನಲ್ಲಿ ಅಷ್ಟು ಜಾಗ ಇಲ್ಲದಿದ್ದರೆ ಬೇರೆ ಪುಲ್ಲಿ ಹುಡುಕುವುದೇ ವಾಸಿ.

ನಾಲ್ಕು, ಬುಷ್‌ನ ಹೊರ ಅಳತೆ ತೂತಿಗಿಂತ 0.03ರಿಂದ 0.05 ಮಿ.ಮೀ. ದೊಡ್ಡದಿರಲಿ. ತಣ್ಣಗೆ ಸುತ್ತಿಗೆಯಿಂದ ಹೊಡೆದು ಕೂರಿಸಿದರೆ ಬೀಡಿನ ಹಬ್ ಸೀಳಬಹುದು. ಪುಲ್ಲಿಯನ್ನು ಕೋಣೆಯ ಬಿಸಿಗಿಂತ 150 ಡಿಗ್ರಿಯಷ್ಟು ಜಾಸ್ತಿ ಕಾಯಿಸಿದರೆ 40 ಮಿ.ಮೀ. ತೂತು ಸುಮಾರು 0.06 ಮಿ.ಮೀ. ಹಿಗ್ಗುತ್ತದೆ. ಆಗ ಬುಷ್ ಕೈಯಲ್ಲೇ ಇಳಿಯುತ್ತದೆ. ಆದರೆ ಒಂದೇ ಏಟಿಗೆ ತಳದವರೆಗೆ ಹೋಗಬೇಕು. ನಡುವೆ ನಿಂತರೆ ಅಲ್ಲೇ ಕಚ್ಚಿಕೊಳ್ಳುತ್ತದೆ.

ಐದು, ಬುಷ್ ಪುಲ್ಲಿಯೊಳಗೆ ತಿರುಗದಂತೆ ಎರಡರ ಸಂದಿನ ಮೇಲೆಯೇ ತೂತು ಕೊರೆದು, ಅರ್ಧ ಬುಷ್‌ನಲ್ಲಿ ಅರ್ಧ ಹಬ್‌ನಲ್ಲಿ ಬರುವಂತೆ, 6 ಮಿ.ಮೀ. ತಲೆಯಿಲ್ಲದ ಸ್ಕ್ರೂ ಹಾಕಿಸಿ. ಡ್ರಿಲ್ ಮೆತ್ತಗಿರುವ ಬೀಡಿನ ಕಡೆ ಜಾರಲು ನೋಡುತ್ತದೆ, ಮೊದಲು ಸಣ್ಣ ಬಿಟ್‌ನಲ್ಲಿ ದಾರಿ ಮಾಡಿಕೊಳ್ಳಬೇಕು.

ಒಳ ತೂತಿನ ಅಳತೆಗೆ ನಿಮ್ಮ ವರ್ನಿಯರ್ ಅಂಕಿಯನ್ನು ಮಾತ್ರ ನಂಬಬೇಡಿ. ಟರ್ನರನ್ನೇ ಗಾಡಿಯ ಹತ್ತಿರ ಕರೆಸಿ ಮೈಕ್ರೋಮೀಟರಿನಲ್ಲಿ ಮೂತಿ ಅಳೆಸಿ. ಕೈಯಲ್ಲಿ ಒತ್ತಿ, ಮರದ ಸುತ್ತಿಗೆಯಿಂದ ಎರಡು ಮೆಲ್ಲನೆ ಪೆಟ್ಟು ಕೊಟ್ಟರೆ ಹೋಗುವಷ್ಟು ಬಿಗಿ ಇರಬೇಕು.

ಮೂತಿಯೇ ಸ್ವಲ್ಪ ಸವೆದಿದ್ದರೆ ಬುಷ್ ತೂತನ್ನು ಅದಕ್ಕೆ ತಕ್ಕಂತೆ ಕಮ್ಮಿ ಮಾಡಿಸಿ. ಸವೆತ ಒಂದೇ ಕಡೆ ಇದ್ದು ಸಂದು ಉಳಿದರೆ ಲಾಕ್‌ಟೈಟ್ 660ರಂಥ ಸಂದು ತುಂಬುವ ಅಂಟು ಇದೆ. ವ್ಯಾಸದಲ್ಲಿ ಅರ್ಧ ಮಿ.ಮೀ.ವರೆಗಿನ ಸಂದಿಗೆ ಆಗುತ್ತದೆ. ಆದರೆ ಮುಂದೆ ಬಿಚ್ಚಬೇಕಾದಾಗ ಚೆನ್ನಾಗಿ ಕಾಯಿಸದೆ ಪುಲ್ಲಿ ಬರುವುದಿಲ್ಲ. ಬೇರೆ ದಾರಿ ಇಲ್ಲದಾಗ ಮಾತ್ರ.

ಕೀಯನ್ನು ಸಿಕ್ಕ ಕಬ್ಬಿಣದ ಸರಳಿನಿಂದ ಅರೆದು ಮಾಡಬೇಡಿ, ಕೀ ಸ್ಟೀಲ್ ಎಂದೇ ಕೇಳಿ ತನ್ನಿ. ಅದು ಎರಡು ಪಕ್ಕದಲ್ಲಿ ಬಿಗಿಯಾಗಿರಬೇಕು, ತಲೆಯ ಮೇಲೆ ಮಾತ್ರ ಕಾಗದದಷ್ಟು ಸಂದು. ತಲೆ ತಾಗಿದರೆ ಪುಲ್ಲಿ ಒಂದು ಕಡೆಗೆ ಎತ್ತಿಕೊಂಡು ಓಲಾಡುತ್ತದೆ.

ಹಂತ 7: ಕೂರಿಸುವುದು

ಹೊಸ ಸೀಲ್ ಹಾಕಿ, ಅದರ ತುಟಿಗೆ ಇಂಜಿನ್ ಆಯಿಲ್ ಸವರಿ. ಮೂತಿಯನ್ನು ಒರೆಸಿ, ಕೀ ಕೂರಿಸಿ, ಕೀ ವೇ ಉದ್ದಕ್ಕೆ ಸಿಲಿಕಾನ್ ಸೀಲರಿನ ತೆಳು ಗೆರೆ ಎಳೆಯಿರಿ. ಸೀಲ್ ಹೊಸದಾದರೂ ಎಣ್ಣೆ ಸೋರುತ್ತಿದೆ ಎಂದು ಬೈಯುವವರು ಮರೆತಿರುವುದು ಇದನ್ನೇ. ಎಣ್ಣೆ ಸೀಲ್ ದಾಟಿ ಬರುವುದಿಲ್ಲ, ಕೀ ವೇಯ ಸಂದಿನಲ್ಲಿ ಕಾಲುವೆ ಹರಿದಂತೆ ಬರುತ್ತದೆ.

ಪುಲ್ಲಿಯನ್ನು ಸುತ್ತಿಗೆಯಿಂದ ಬಡಿದು ಕೂರಿಸಬೇಡಿ. ಆ ಪೆಟ್ಟೆಲ್ಲಾ ಕ್ರ್ಯಾಂಕಿನ ಥ್ರಸ್ಟ್ ವಾಷರಿಗೆ, ಅಂದರೆ ಕ್ರ್ಯಾಂಕ್ ಹಿಂದೆ ಮುಂದೆ ಸರಿಯದಂತೆ ತಡೆಯುವ ವಾಷರಿಗೆ ಹೋಗುತ್ತದೆ. ಕೊನೆಯ ಭಾಗವನ್ನು ನಟ್‌ನಿಂದಲೇ ಎಳೆದುಕೊಳ್ಳಲಿ.

ಇಲ್ಲೊಂದು ಮೋಸ ಇದೆ. ಲೇತ್‌ನಲ್ಲಿ ಹಬ್‌ನ ಮುಖ ನಯ ಮಾಡಲು ಒಂದೆರಡು ಮಿ.ಮೀ. ಕಡೆದಿದ್ದರೆ ಹಬ್ ಗಿಡ್ಡವಾಗಿರುತ್ತದೆ. ನಟ್ ಬಿಗಿಯುತ್ತಾ ಹೋಗಿ ಥ್ರೆಡ್‌ನ ಕೊನೆಗೆ ತಾಗಿ ನಿಲ್ಲುತ್ತದೆ. ಟಾರ್ಕ್ ರೆಂಚ್ ಕೂಡ "ಬಿಗಿಯಾಯಿತು" ಅನ್ನುತ್ತದೆ. ಪುಲ್ಲಿ ಮಾತ್ರ ಸಡಿಲ. ಹಾಗಾಗಿ ಬಿಗಿಯುವ ಮೊದಲು ಪುಲ್ಲಿ ಪೂರ್ತಿ ಕೂತಾಗ ಹಬ್‌ನ ಮುಖ ಮೂತಿಯಲ್ಲಿ ಥ್ರೆಡ್ ಮುಗಿಯುವ ಮೆಟ್ಟಿಲಿಗಿಂತ ಮುಂದೆ ಇದೆಯಾ ನೋಡಿ. ಇಲ್ಲದಿದ್ದರೆ ದಪ್ಪ ಉಕ್ಕಿನ ವಾಷರ್ ಮಾಡಿಸಿ ಹಾಕಿ.

ವಿಲ್ಲಿಸ್ ಮೂಲದ ಪೆಟ್ರೋಲ್ ಇಂಜಿನ್‌ನಲ್ಲಿ ಇದು ಇನ್ನೂ ಮುಖ್ಯ. ಅಲ್ಲಿ ಆ ಒಂದು ನಟ್ ಪುಲ್ಲಿಯನ್ನಷ್ಟೇ ಅಲ್ಲ, ಸ್ಪೇಸರ್, ಟೈಮಿಂಗ್ ಗೇರ್ ಎಲ್ಲವನ್ನೂ ಒಟ್ಟಿಗೆ ಒತ್ತಿ ಹಿಡಿಯುತ್ತದೆ. ಕ್ರ್ಯಾಂಕ್ ಹಿಂದೆ ಮುಂದೆ ಸರಿಯುವ ಆಟ 0.10ರಿಂದ 0.15 ಮಿ.ಮೀ. ಇರಬೇಕು. ನಟ್ ಸಡಿಲವಾದರೆ ಆ ಲೆಕ್ಕವೂ ತಪ್ಪುತ್ತದೆ. ಬಿಗಿದ ಮೇಲೆ ಪುಲ್ಲಿ ಹಿಡಿದು ಎಳೆದು ತಳ್ಳಿ ನೋಡಿ. ಕೈಗೆ ಟಕ್ ಎಂದು ಸಿಕ್ಕುವಷ್ಟು ಆಟ ಇದ್ದರೆ ಡಯಲ್ ಗೇಜ್ ಇಟ್ಟು ಅಳೆಸಿ.

ಹೊಸ ಲಾಕ್ ವಾಷರ್ ಹಾಕಿ, ಮ್ಯಾನ್ಯುಯಲ್ ಹೇಳಿದ ಟಾರ್ಕ್‌ಗೆ ಬಿಗಿದು, ಕಿವಿ ಇದ್ದರೆ ಮಡಿಚಿ. ನಟ್‌ನಿಂದ ಹಬ್‌ಗೆ ಅಡ್ಡಲಾಗಿ ಬಿಳಿ ಪೇಂಟ್ ಗೆರೆ ಎಳೆಯಿರಿ. ನಟ್ ಸರಿದರೆ ಈ ಗೆರೆ ಮೊದಲು ಹೇಳುತ್ತದೆ.

ಹಂತ 8: ಬೆಲ್ಟ್ ಸಾಲು ಮತ್ತು ಮೊದಲ ಓಟ

ಕ್ರ್ಯಾಂಕ್ ಪುಲ್ಲಿಯಿಂದ ವಾಟರ್ ಪಂಪ್ ಪುಲ್ಲಿಗೆ ನೇರ ಪಟ್ಟಿ ಅಥವಾ ಬಿಗಿ ದಾರ ಹಿಡಿದು ಎರಡೂ ಒಂದೇ ಸಾಲಿನಲ್ಲಿವೆಯಾ ನೋಡಿ. ಸಾಲು ತಪ್ಪಿದ್ದರೆ ಹೊಸ ಬೆಲ್ಟ್ ಕಪ್ಪು ಪುಡಿ ಉದುರಿಸುತ್ತಾ ಬೇಗ ಸಾಯುತ್ತದೆ. ಬೆಲ್ಟ್ ಬಿಗಿ ಎಷ್ಟು ಅಂದರೆ, ಉದ್ದದ ಕಡೆ ನಡುವೆ ಹೆಬ್ಬೆರಳಿನಿಂದ ಒತ್ತಿದರೆ 12 ಮಿ.ಮೀ. ತಗ್ಗಬೇಕು. ಜಾಸ್ತಿ ಬಿಗಿದರೆ ವಾಟರ್ ಪಂಪಿನ ಬೇರಿಂಗ್ ಹೋಗುತ್ತದೆ.

ಹ್ಯಾಂಡಲ್ ಹಾಕಿ ಎರಡು ಸುತ್ತು ಕೈಯಲ್ಲಿ ತಿರುಗಿಸಿ, ಎಲ್ಲೂ ತಾಗದಿದ್ದರೆ ರೇಡಿಯೇಟರ್ ಕೂರಿಸಿ ನೀರು ತುಂಬಿ ಸ್ಟಾರ್ಟ್ ಮಾಡಿ. ಪಕ್ಕದಲ್ಲಿ ನಿಂತು ನೋಡಿ, ಪುಲ್ಲಿಯ ನೇರಕ್ಕೆ ನಿಲ್ಲಬೇಡಿ. ತೋಳಿನ ಬಟ್ಟೆ, ಟವೆಲ್ಲು, ಕುತ್ತಿಗೆಯ ಸರ ಫ್ಯಾನಿನಿಂದ ದೂರ ಇರಲಿ. ಟೈಮಿಂಗ್ ಗುರುತು ಪುಲ್ಲಿಯ ಮೇಲಿದ್ದರೆ ಈಗ ಟೈಮಿಂಗ್ ಒಮ್ಮೆ ನೋಡಿಸಿ.

50 ಕಿ.ಮೀ. ಆದ ಮೇಲೆ ಇಂಜಿನ್ ತಣ್ಣಗಿರುವಾಗ ಪೇಂಟ್ ಗೆರೆ ನೋಡಿ, ಬೆಲ್ಟ್ ಬಿಗಿ ನೋಡಿ. ಹೊಸ ಬೆಲ್ಟ್ ಸ್ವಲ್ಪ ಹಿಗ್ಗಿಯೇ ಇರುತ್ತದೆ. 500ಕ್ಕೆ ಇನ್ನೊಮ್ಮೆ. ಆಮೇಲೆ ಆಯಿಲ್ ಬದಲಿಸುವಾಗಲೆಲ್ಲ ಒಂದು ಕಣ್ಣು ಹಾಯಿಸಿದರೆ ಸಾಕು.

ಬೇರೆ ಪುಲ್ಲಿ ಹುಡುಕುವವರಿಗೆ

ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳು ಮತ್ತು ಶಿವಾಜಿನಗರದ ಗುಜರಿ ಸಾಲು ಮೊದಲು ನೋಡುವ ಜಾಗ. ಫೋನಿನಲ್ಲಿ ಮಾತಾಡಿ ತರಿಸಬೇಡಿ, ಹಳೇ ಪುಲ್ಲಿಯನ್ನು ಚೀಲದಲ್ಲಿ ಹಾಕಿಕೊಂಡೇ ಹೋಗಿ. ತೂತು, ಹಬ್‌ನ ಉದ್ದ, ಬೆಲ್ಟಿನ ತೋಡಿನ ಅಗಲ, ಹೊರ ಅಗಲ ನಾಲ್ಕೂ ಹೊಂದಬೇಕು. ಹೊರ ಅಗಲ ಚಿಕ್ಕದಾದರೆ ಫ್ಯಾನ್ ನಿಧಾನ, ಘಾಟಿ ಹತ್ತುವಾಗ ಇಂಜಿನ್ ಕಾಯುತ್ತದೆ. ಗುಜರಿ ಪುಲ್ಲಿಯನ್ನು ಕೊಳ್ಳುವ ಮೊದಲು ಹಗ್ಗದಲ್ಲಿ ತೂಗುಹಾಕಿ ಸ್ಪ್ಯಾನರಿನಿಂದ ಮೆಲ್ಲನೆ ತಟ್ಟಿ. ಗಟ್ಟಿ ಬೀಡು ಗಂಟೆಯಂತೆ ಸ್ವಲ್ಪ ಹೊತ್ತು ನಾದ ಕೊಡುತ್ತದೆ, ಬಿರುಕಿದ್ದರೆ ಒಡೆದ ಮಡಕೆಯ ಸದ್ದು. ಹೊಸದು ಸಿಕ್ಕಿತು ಅಂತ ಹಳೆಯದನ್ನು ಅಂಗಡಿಯಲ್ಲೇ ಬಿಟ್ಟು ಬರಬೇಡಿ. ಅಳತೆಗೆ, ಕೀ ವೇ ಗೆರೆ ಎಲ್ಲಿತ್ತು ಎಂದು ನೋಡಲು, ಟರ್ನರಿಗೆ ತೋರಿಸಲು ಅದು ಮನೆಯ ಅಟ್ಟದ ಮೇಲಿರಲಿ.